ಬಾಳೆಹೊಸೂರಿಗೆ ವಿದೇಶಾಂಗ ನೀತಿಯ ಪಾಠ ಬೇಕೇ?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲಿ ತಿಂಗಳಿಗೊಂದು ಸಂಜೆ ಊರಿನ ದೊಡ್ಡವರನ್ನು ಕೂರಿಸಿಕೊಂಡು ದೇಶದ ವಿದೇಶಾಂಗ ನೀತಿಯನ್ನೂ ಜಗತ್ತಿನ ಆಗುಹೋಗುಗಳನ್ನೂ ತಿಳಿಸಿಕೊಡಬೇಕೇ? ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರನ್ನು ಕಣ್ಣ ಮುಂದಿಟ್ಟುಕೊಂಡು ಹೂಡಿದ ಎರಡು ವಾದಗಳು ಇಲ್ಲಿವೆ. ಪರ ವಾದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರರ ದನಿಯಲ್ಲಿದೆ. ವಿರೋಧದ ವಾದ, ಒಂದು ಕಾಲಕ್ಕೆ ಹೆಗಲಿಗೆ ಹಸಿರು ಶಾಲು ಹಾಕಿಕೊಂಡು ಊರೂರು ತಿರುಗಿದ ರೈತರೊಬ್ಬರ ದನಿಯಲ್ಲಿದೆ.

ಪರ: ದರ ಕೇಳುವವರು ಕಾರಣವನ್ನೂ ಕೇಳಲಿ

2023ರ ಡಿಸೆಂಬರ್ 8ರಿಂದ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತನ್ನು ನಿಲ್ಲಿಸಿತು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಶೇ 40ರ ಸುಂಕ ಹಾಕಿತ್ತು. ಅಕ್ಟೋಬರ್ ಕೊನೆಗೆ, ಟನ್ನಿಗೆ 800 ಡಾಲರ್‌ಗಿಂತ ಕಡಿಮೆಗೆ ಹೊರದೇಶಕ್ಕೆ ಮಾರುವಂತಿಲ್ಲ ಎಂದಿತ್ತು. ಗದಗ ಜಿಲ್ಲೆಯ ಮುಂಗಾರಿ ಉಳ್ಳಾಗಡ್ಡಿ ಕಿತ್ತು, ಕೊಯ್ದು, ಚೀಲ ತುಂಬಿ ಲಾರಿ ಏರುವ ತಿಂಗಳುಗಳೇ ಅವು. ನಿಷೇಧ ಜಾರಿಯಲ್ಲಿದ್ದಾಗಲೇ ಬಾಂಗ್ಲಾದೇಶಕ್ಕೆ 50,000 ಟನ್, ಸಂಯುಕ್ತ ಅರಬ್ ಎಮಿರೇಟ್ಸ್‌ಗೆ 14,400 ಟನ್ ಕಳಿಸಲು ಒಪ್ಪಿಗೆ ಸಿಕ್ಕಿತು. ಪತ್ರಿಕೆಗಳಲ್ಲಿ ಇದು ವಾಣಿಜ್ಯ ಪುಟದ ಮೂಲೆಯ ಸುದ್ದಿ. ಆದರೆ ಎಲ್ಲರಿಗೂ ಮುಚ್ಚಿದ ಬಾಗಿಲನ್ನು ಯಾರಿಗೆ ಎಷ್ಟು ತೆರೆಯಬೇಕು ಎನ್ನುವುದು ದೇಶದೇಶಗಳ ಸ್ನೇಹದ ಲೆಕ್ಕ. ನಮ್ಮ ಭಾಗದಲ್ಲಿ ಉಳ್ಳಾಗಡ್ಡಿ ಬೆಳೆದವರು ಆ ವರ್ಷ ಭಾರತದ ನೆರೆಹೊರೆ ನೀತಿಗೆ ತಮ್ಮ ಪಾಲು ಕೊಟ್ಟಿದ್ದಾರೆ. ಕೊಟ್ಟದ್ದು ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ.

ಗೊಬ್ಬರದ ಕತೆಯೂ ಇದೇ. ಪೊಟ್ಯಾಷ್ ಪೂರ್ತಿ ಹೊರಗಿನಿಂದ ಬರಬೇಕು. ಡಿಎಪಿಗೂ ಹೊರಗಿನವರನ್ನೇ ನೆಚ್ಚಿದ್ದೇವೆ. ಚೀನಾ ತನ್ನ ರಫ್ತಿಗೆ ಕಡಿವಾಣ ಹಾಕಿದರೆ ಇಲ್ಲಿ ಮುಂಗಾರು ಬಿತ್ತನೆಗೆ ಸೊಸೈಟಿ ಮುಂದೆ ಪಾಳೆ ಉದ್ದವಾಗುತ್ತದೆ. ಪಾಳೆಯಲ್ಲಿ ನಿಂತವರು ಬೈಯುವುದು ಸೊಸೈಟಿಯ ಕಾರ್ಯದರ್ಶಿಯನ್ನು. ಪಾಪ, ಅವನ ಕೈಯಲ್ಲಿ ಏನಿದೆ?

ಇದೆಲ್ಲ ಇತ್ತೀಚಿನದು ಎಂದು ಯಾರೂ ತಿಳಿಯಬೇಕಿಲ್ಲ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಧಾರವಾಡ-ಅಮೆರಿಕನ್ ಎಂದೇ ಅದಕ್ಕೆ ಹೆಸರು ನಿಂತಿತು. ಗದಗಿನ ಎರೆಹೊಲಗಳಿಗೆ ಅದು ಚೆನ್ನಾಗಿ ಒಗ್ಗಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ, ಲಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಇಲ್ಲಿನ ಹತ್ತಿಗೆ ಕಂಡರಿಯದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಮುಗಿಯಿತು. ಆ ನಾಲ್ಕು ವರ್ಷ ತಾನು ಯಾರ ಜಗಳದ ಲಾಭ ಉಣ್ಣುತ್ತಿದ್ದೇನೆ ಎಂಬುದು ಹತ್ತಿ ಬೆಳೆದವನಿಗೆ ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ಕಲಿಸುತ್ತೀರಲ್ಲ ಎಂದು ಕೇಳಬಹುದು. ಕಲಿಸುತ್ತೇವೆ. ಹತ್ತನೆಯ ತರಗತಿಯ ರಾಜ್ಯಶಾಸ್ತ್ರದಲ್ಲಿ ಭಾರತದ ವಿದೇಶಾಂಗ ನೀತಿಗೆ ಒಂದು ಪಾಠವಿದೆ, ಇತರ ದೇಶಗಳ ಜೊತೆಗಿನ ಸಂಬಂಧಕ್ಕೆ ಇನ್ನೊಂದಿದೆ. 1954ರ ಪಂಚಶೀಲದ ಐದು ತತ್ತ್ವಗಳನ್ನು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ, ಅಂಕ ತೆಗೆಯುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆ ವಿಷಯ ಅವರ ಬದುಕಿಗೆ ಮತ್ತೆ ಬರುವುದಿಲ್ಲ. ಪಾಠದಲ್ಲಿ ಉಳ್ಳಾಗಡ್ಡಿಯ ಸುಳಿವಿಲ್ಲ, ಪಾಳೆಯ ಸುಳಿವಿಲ್ಲ.

ಆದರೆ ದೊಡ್ಡವರಿಗೆ ಪಾಠ ನಿಂತಿಲ್ಲ. ಬೇರೆ ಮಾಸ್ತರು ನಡೆಸುತ್ತಿದ್ದಾರೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ರಾತ್ರಿಗಳಲ್ಲಿ ಟಿವಿ ನೋಡಿದವರು ನೆನಪಿಸಿಕೊಳ್ಳಲಿ: ದೇಶದ ಹಲವು ವಾಹಿನಿಗಳಲ್ಲಿ ಕರಾಚಿ ಬಂದರು ಸುಟ್ಟು ಹೋಗಿತ್ತು, ಬೆಳಗಾದಾಗ ಬಂದರು ಇದ್ದಲ್ಲಿಯೇ ಇತ್ತು. ವಾಟ್ಸ್ಆ್ಯಪ್ ವಿಷಯ ಬಿಡಿ. ಬಿಬಿಸಿಗೆ ತಮಿಳು, ತೆಲುಗು, ಮರಾಠಿ, ಗುಜರಾತಿ ಸೇವೆಗಳಿವೆ, ಕನ್ನಡದ್ದಿಲ್ಲ. ಕನ್ನಡದ ಓದುಗ ಜಗತ್ತನ್ನು ನೋಡಬೇಕಾದರೆ ಒಂದೋ ಇಂಗ್ಲಿಷಿನ ಕಿಟಕಿ, ಇಲ್ಲವೇ ಸ್ಟುಡಿಯೊದಲ್ಲಿ ಗ್ರಾಫಿಕ್ಸ್ ಟ್ಯಾಂಕ್ ಓಡಿಸುವವರ ಕಿಟಕಿ.

2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಸಿಕ್ಕು ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ. ಹುಡುಗ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು; ನಮಗೇನು ದೂರದ ಊರಲ್ಲ. ಮರುದಿನವೇ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾವನ್ನು ಖಂಡಿಸುವ ನಿರ್ಣಯ ಬಂದಾಗ ಭಾರತ ಮತ ಹಾಕದೆ ದೂರ ಉಳಿಯಿತು. ಅದು ಸರಿಯೋ ತಪ್ಪೋ ಎಂದು ನಾನು ಹೇಳಹೊರಟಿಲ್ಲ. ಒಳಗೇ ಸಿಕ್ಕಿಕೊಂಡ ಸಾವಿರಾರು ಮಕ್ಕಳನ್ನು ಹೊರಗೆ ತರಲು ಎರಡೂ ಕಡೆಯವರ ಜೊತೆ ಮಾತು ಉಳಿಸಿಕೊಳ್ಳಬೇಕಿತ್ತು ಎಂಬ ವಾದವುಂಟು. ನಮ್ಮ ಹುಡುಗ ಸತ್ತ ಮೇಲೂ ಸುಮ್ಮನಿದ್ದೆವು ಎಂಬ ನೋವೂ ಉಂಟು. ಎರಡನ್ನೂ ಎದುರಿಟ್ಟು ಹಾವೇರಿ, ಗದಗ ಜಿಲ್ಲೆಯ ಯಾವ ಊರಲ್ಲಾದರೂ ಒಂದು ಸಂಜೆ ಮಾತಾಡಬಹುದಿತ್ತು. ಜಾಗ ಇರಲಿಲ್ಲ.

ಅಮೆರಿಕದಲ್ಲಿ 1918ರಲ್ಲಿ ಹುಟ್ಟಿದ ಫಾರಿನ್ ಪಾಲಿಸಿ ಅಸೋಸಿಯೇಷನ್ 1954ರಿಂದ ಗ್ರೇಟ್ ಡಿಸಿಷನ್ಸ್ ಎಂಬ ಕೂಟ ನಡೆಸಿಕೊಂಡು ಬಂದಿದೆ. ನೆರೆಯವರು ಲೈಬ್ರರಿಯಲ್ಲೋ ಮನೆಯಲ್ಲೋ ಸೇರಿ, ಎಲ್ಲರೂ ಒಂದೇ ಕಿರುಪುಸ್ತಕ ಓದಿ, ವಾದ ಮಾಡಿ, ಕೊನೆಗೆ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಗುರುತಿಸಿ ಕಳಿಸುತ್ತಾರೆ. ಇಷ್ಟೇ. ಹೊರಗಿನದು ನಮಗೆ ಒಗ್ಗುವುದಿಲ್ಲ ಎನ್ನುವವರಿಗೆ ಕಣಗಿನಹಾಳವನ್ನು ತೋರಿಸುತ್ತೇನೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಸಹಕಾರಿ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದು ಎಂದು ಹೆಮ್ಮೆಪಡುತ್ತೇವಲ್ಲ, ಅಂಥ ಸಂಘಗಳ ಮಾದರಿ ಜರ್ಮನಿಯ ರೈಫೈಸನ್ನನದು.

(ಪರ ವಾದ ತುಸು ಉದ್ದವಾಯಿತು. ಗಂಟೆ ಹೊಡೆದ ಮೇಲೂ ಪಾಠ ಮುಂದುವರಿಸುವುದು ಮಾಸ್ತರರಿಗೆ ರೂಢಿ.)

ವಿರೋಧ: ಪಾಠ ಬೇಕಾದದ್ದು ನಮಗಲ್ಲ

ಮಾಸ್ತರ್ರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಆ ಪಾಠ ನಮಗೆ ಒಮ್ಮೆ ಆಗಿ ಹೋಗಿದೆ.

1991ರ ಕೊನೆಗೆ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಮುಖ್ಯಸ್ಥ ಆರ್ಥರ್ ಡಂಕೆಲ್ ಒಂದು ಕರಡು ಮುಂದಿಟ್ಟ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ರೈತ ಸಂಘವೂ ಅದನ್ನು ಕನ್ನಡದಲ್ಲಿ ಹಳ್ಳಿಹಳ್ಳಿಗೆ ಒಯ್ದರು. ಡಂಕೆಲ್ ಅನ್ನುವ ಹೆಸರು ಕಟ್ಟೆಗಳ ಮೇಲೆ ತಾಲ್ಲೂಕಿನ ಶಾಸಕರ ಹೆಸರಿಗಿಂತ ಹೆಚ್ಚು ಓಡಾಡಿತು. ಬೀಜದ ಪೇಟೆಂಟು, ಸಬ್ಸಿಡಿ, ಜಿನೀವಾ, ಎಲ್ಲವನ್ನೂ ಬೀಡಿ ಸೇದುತ್ತ ಮಾತಾಡಿದೆವು. ಇದಕ್ಕಿಂತ ದೊಡ್ಡ ವಿದೇಶಾಂಗ ಪಾಠವನ್ನು ಕರ್ನಾಟಕದ ಹಳ್ಳಿಗಳಲ್ಲಿ ಯಾರೂ ಮಾಡಿಲ್ಲ, ಮುಂದೆಯೂ ಯಾವ ಅರಿವು ಕೇಂದ್ರವೂ ಮಾಡಲಾರದು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಬೀಜ ಕಂಪನಿ ಕಾರ್ಗಿಲ್ ಕಚೇರಿಗೆ ನುಗ್ಗಿದ್ದಾಯಿತು, ಮರುವರ್ಷ ಬಳ್ಳಾರಿಯ ಘಟಕಕ್ಕೆ. ಆಮೇಲೆ? 1994ರ ಏಪ್ರಿಲ್‌ನಲ್ಲಿ ಮೊರಾಕೊದ ಮರಾಕೇಶ್‌ನಲ್ಲಿ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮ ದೇಶದಲ್ಲಿ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ಎಂಪಿಗೇ ಇಲ್ಲದ ಮಾತು ಬಾಳೆಹೊಸೂರಿನವರಿಗೆ ಯಾವ ಪಾಠದಿಂದ ಬರುತ್ತದೆ?

ಇನ್ನೂ ಒಂದಿದೆ, ಹೇಳಿಕೊಳ್ಳಲು ಮುಜುಗರವಾದರೂ ಹೇಳುತ್ತೇನೆ. 1998ರಲ್ಲಿ ರಾಯಚೂರು ಕಡೆ ಪ್ರಯೋಗದ ಬಿಟಿ ಹತ್ತಿ ಹೊಲಕ್ಕೆ ರೈತ ಸಂಘ ಬೆಂಕಿ ಇಟ್ಟಿತು. 2002ರಲ್ಲಿ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅದೇ ಬೀಜದ ಪೊಟ್ಟಣಕ್ಕೆ ಅಂಗಡಿ ಮುಂದೆ ರೈತರೇ ನಿಂತರು. ಅವರಿಗೆ ಪಾಠ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕಾಯಿಕೊರಕದ ಹುಳ ಅದಕ್ಕಿಂತ ಹತ್ತಿರದಲ್ಲಿತ್ತು.

ತಿಳಿದವರು ಗೆಲ್ಲುತ್ತಾರೆ ಅನ್ನುವುದಕ್ಕೂ ಮಾಸ್ತರ್ರ ಹತ್ತಿಯ ಕತೆಯಲ್ಲೇ ಉತ್ತರವಿದೆ. ಬೊಂಬಾಯಿಯ ಪ್ರೇಮಚಂದ ರಾಯಚಂದ ಆ ಕಾಲದ ಹತ್ತಿ ದೊರೆ. ಅಮೆರಿಕದ ಯುದ್ಧದ ಸುದ್ದಿ ಅವನಿಗಿಂತ ಚೆನ್ನಾಗಿ ಈ ದೇಶದಲ್ಲಿ ಯಾರಿಗೆ ತಿಳಿದಿತ್ತು? 1865ರಲ್ಲಿ ಮೊದಲು ಮುಳುಗಿದವರಲ್ಲಿ ಅವನೂ ಒಬ್ಬ.

ಎಲ್ಲದಕ್ಕೂ ಪರದೇಶವನ್ನು ಹಿಡಿದು ತರುವ ಚಟವೂ ಒಳ್ಳೆಯದಲ್ಲ. 2022ರ ನವೆಂಬರ್‌ನಲ್ಲಿ ಗದಗ ತಾಲ್ಲೂಕಿನ ತಿಮ್ಮಾಪುರದ ರೈತರೊಬ್ಬರು ಯಶವಂತಪುರ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ದ ಪಟ್ಟಿ ಎಲ್ಲರ ಫೋನಿನಲ್ಲೂ ಬಂದಿತ್ತು. ತೂಕ 205 ಕಿಲೊ. ದರ ಕ್ವಿಂಟಲಿಗೆ 200 ರೂಪಾಯಿ. ಲಾರಿ ಬಾಡಿಗೆ 377 ರೂಪಾಯಿ ಚಿಲ್ಲರೆ, ಹಮಾಲಿ 24. ಕಳೆದು ಉಳಿದದ್ದು 8 ರೂಪಾಯಿ 36 ಪೈಸೆ. ಆಗ ರಫ್ತಿಗೆ ನಿಷೇಧವೂ ಇರಲಿಲ್ಲ, ಸುಂಕವೂ ಇರಲಿಲ್ಲ. ಮಳೆಗೆ ಗಡ್ಡೆ ಕೆಟ್ಟಿತ್ತು, ದಾಸ್ತಾನಿಗೆ ಜಾಗವಿರಲಿಲ್ಲ, ಗದಗಿನಿಂದ ಬೆಂಗಳೂರಿನ ತನಕ ಒಯ್ಯದೆ ಬೇರೆ ದಾರಿ ಕಂಡಿರಲಿಲ್ಲ. ಆ ಪಟ್ಟಿಯಲ್ಲಿ ದುಬೈ ಎಲ್ಲಿದೆ?

ಇನ್ನು ಪಾಠ ಮಾಡುವವರು ಯಾರು? 2017ರಲ್ಲಿ ವಿದೇಶಾಂಗ ಸಚಿವಾಲಯ ಸಮೀಪ್ ಎಂಬ ಕಾರ್ಯಕ್ರಮ ಮಾಡಿ ಅಧಿಕಾರಿಗಳನ್ನು ತಂತಮ್ಮ ಊರಿನ ಶಾಲೆಗಳಿಗೆ ಕಳಿಸಲು ಹೊರಟಿತು. ಅಧಿಕಾರಿ ತನ್ನ ಸಚಿವಾಲಯದ ತಪ್ಪನ್ನು ಬಂದು ಹೇಳುತ್ತಾನೆಯೆ? 2023ರ ಜುಲೈನಲ್ಲಿ ಜಿ20 ಸಭೆ ನಮ್ಮ ಮಗ್ಗುಲ ಹಂಪಿಯಲ್ಲೇ ನಡೆಯಿತು. ಲಂಬಾಣಿ ಕಸೂತಿಯ 1,755 ತುಣುಕು ಒಟ್ಟಿಗೆ ಪ್ರದರ್ಶಿಸಿ ಗಿನ್ನಿಸ್ ದಾಖಲೆ ಆಯಿತು, ಸಂತೋಷ. ಆ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಈ ಭಾಗದಲ್ಲಿ ಯಾರನ್ನಾದರೂ ಕೇಳಿ ನೋಡಿ. ನಮಗೆ ಸಿಗುವುದು ಫ್ಲೆಕ್ಸು ಮತ್ತು ರಸಪ್ರಶ್ನೆ.

ನನ್ನ ನಿಜವಾದ ಅಂಜಿಕೆ ಬೇರೆ. ಕಟ್ಟೆಯ ಮೇಲೆ ವಿದೇಶ ಎಂದರೆ ಮೊದಲು ಬರುವುದು ಪಾಕಿಸ್ತಾನ. ಅಲ್ಲಿಂದ ಮಾತು ಎದುರು ಓಣಿಗೆ ಇಳಿಯಲು ಎಷ್ಟು ಹೊತ್ತು ಬೇಕು? ಬಾಳೆಹೊಸೂರಿನಲ್ಲಿ ದಿಂಗಾಲೇಶ್ವರ ಮಠವಿದೆ. ಪಕ್ಕದ ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯಕ್ಕೇ ಹೆಸರಾದದ್ದು. ಯಾರೂ ಭಾಷಣ ಮಾಡದೆ ನಡೆದುಕೊಂಡು ಬಂದ ನಂಟು ಅದು. ತರಬೇತಿ ಇಲ್ಲದ ಸಂಪನ್ಮೂಲ ವ್ಯಕ್ತಿಯೊಬ್ಬ ಬಂದು ಭೂಪಟ ಬಿಚ್ಚಿ ಅದನ್ನು ಕೆಡಿಸುವುದು ಬೇಡ.

ಬೇಕಾದಾಗ ಜನಕ್ಕೆ ತಿಳಿಯುತ್ತದೆ. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆಗೆ ಬಂದಾಗ, ಸುಮಾರು 32,000 ಕೋಟಿ ರೂಪಾಯಿಯ ಯೋಜನೆ ಎಂದು ಹೇಳಿದಾಗ, ರೈತರು ಕೊರಿಯಾದ ಇತಿಹಾಸ ಓದಲು ಹೋಗಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅವರಿಗೆ ಗೊತ್ತಿದ್ದದ್ದು ತಮ್ಮ ಎರೆಮಣ್ಣು, ಸಾಕಾಯಿತು.

ರೈತನಿಗೆ ಬೇಕಾದದ್ದು ಭೂಗೋಳವಲ್ಲ, ತಾರೀಖು. 2023ರ ಜೂನ್-ಜುಲೈನಲ್ಲಿ ಉಳ್ಳಾಗಡ್ಡಿ ಬೀಜ ಬಿತ್ತಿದಾಗ ಸುಂಕವಿರಲಿಲ್ಲ. ಬೆಳೆ ಹೊಲದಲ್ಲಿದ್ದಾಗ ಶೇ 40 ಬಂತು, ಕೀಳುವಾಗ 800 ಡಾಲರ್ ಬಂತು, ಚೀಲ ಕಟ್ಟುವಾಗ ನಿಷೇಧ ಬಂತು. ಬಿತ್ತುವ ಮುಂಚೆ ಹೇಳಿ, ಹೇಳಿದ ಮೇಲೆ ಬೆಳೆ ಮಾರಿ ಮುಗಿಯುವ ತನಕ ಮಾತು ಬದಲಿಸಬೇಡಿ. ನೀತಿ ಮಾಡುವವರಿಗೆ ನಮ್ಮ ಬಿತ್ತನೆಯ ಪಂಚಾಂಗ ಕಲಿಸುವ ಕೂಟವಿದ್ದರೆ ಹೇಳಿ, ಅದಕ್ಕೆ ನಾನೇ ಚಂದಾ ಎತ್ತುತ್ತೇನೆ.

ಪರದ ಮರುಮಾತು

ಹಿರಿಯರು ತಮ್ಮ ಹೋರಾಟವನ್ನು ತಾವೇ ಕಡಿಮೆ ಮಾಡಿ ಹೇಳಿದರು. ಮರಾಕೇಶ್‌ನಲ್ಲಿ ಸಹಿ ಬಿದ್ದದ್ದು ನಿಜ. ಆದರೆ ಬೀಜದ ಹಕ್ಕಿಗೆ ಪ್ರತಿ ದೇಶವೂ ತನ್ನದೇ ಕಾನೂನು ಮಾಡಿಕೊಳ್ಳಬಹುದು ಎಂದು ಆ ಒಪ್ಪಂದದಲ್ಲೇ ಒಂದು ಕಂಡಿಯಿತ್ತು. 2001ರಲ್ಲಿ ನಮ್ಮ ಸಂಸತ್ತು ಮಾಡಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು, ರೈತ ತನ್ನ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಿಸಿಕೊಳ್ಳಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು ಎನ್ನುತ್ತದೆ. ಕಟ್ಟೆಯ ಮೇಲಿನ ಆ ಗದ್ದಲ ಇಲ್ಲದಿದ್ದರೆ ಈ ಕಲಮು ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿದದ್ದೂ ಹಾಲು ಉತ್ಪಾದಕರ ಕೂಗು ದೊಡ್ಡದಾದ ಮೇಲೆ.

ತಾರೀಖು ಬೇಕು ಎಂದರಲ್ಲ, ಅದನ್ನು ಯಾರನ್ನು ಕೇಳುತ್ತೀರಿ? ಬೆಲೆ ಬಿದ್ದಾಗಲೆಲ್ಲ ನಾವು ಮನವಿ ಒಯ್ಯುವುದು ತಹಶೀಲ್ದಾರರ ಕಚೇರಿಗೆ. 2025ರ ನವೆಂಬರ್‌ನಲ್ಲಿ ಗೋವಿನಜೋಳಕ್ಕೆ 2,400 ರೂಪಾಯಿಯ ಬೆಂಬಲ ಬೆಲೆ ಕೇಳಿ ರೈತರು ಧರಣಿ ಕೂತದ್ದು ಲಕ್ಷ್ಮೇಶ್ವರದಲ್ಲಿ. ಖರೀದಿ ಕೇಂದ್ರದ ಬೇಡಿಕೆಗೆ ಅದು ಸರಿಯಾದ ಜಾಗವೇ. ರಫ್ತು ನಿಷೇಧದ ಅಧಿಸೂಚನೆ ಹೊರಡುವುದು ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ; ಕೃಷಿ ಸಚಿವಾಲಯದಿಂದಲೂ ಅಲ್ಲ. ಅಲ್ಲಿಗೆ ಲಕ್ಷ್ಮೇಶ್ವರದಿಂದ ಒಂದು ಮನವಿ ಹೋಗಬೇಕಾದರೆ ವಿಳಾಸ ಗೊತ್ತಿರಬೇಕು. ಪಾಕಿಸ್ತಾನದ ಅಂಜಿಕೆ ನನಗೂ ಇದೆ. ಅದಕ್ಕೇ ಮೊದಲ ವರ್ಷ ಉಳ್ಳಾಗಡ್ಡಿ, ಗೊಬ್ಬರ, ಗೋವಿನಜೋಳ, ಕಡಲೆ, ಇಷ್ಟೇ ಸಾಕು ಎನ್ನುತ್ತೇನೆ.

ವಿರೋಧದ ಕೊನೆ ಮಾತು

ವಿಳಾಸಕ್ಕೆ ಬರೆಯೋಣ ಮಾಸ್ತರ್ರ, ಬೇಡ ಅನ್ನುವುದಿಲ್ಲ. ಎಮಿರೇಟ್ಸ್‌ಗೆ 14,400 ಟನ್ ಎಂದು ಯಾರು, ಯಾವ ಲೆಕ್ಕದಲ್ಲಿ ನಿರ್ಧರಿಸಿದರು ಎಂದು ಮಾಹಿತಿ ಹಕ್ಕಿನಡಿ ಮೊದಲ ಅರ್ಜಿ ಹಾಕಿ. ಅದೇ ಕಾಯ್ದೆಯ 8(1)(ಎ) ಕಲಮನ್ನೂ ಓದಿಕೊಂಡು ಹೋಗಿ: ಪರದೇಶದೊಂದಿಗಿನ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಯನ್ನು ಕೊಡಬೇಕಾಗಿಲ್ಲ ಎಂದು ಅದರಲ್ಲಿದೆ.