ಮೇ 29ರ ಹಾಜರಿ

ಏಪ್ರಿಲ್ 10ರ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಜಮಖಾನ ಹಾಸುತ್ತಾರೆ. ‘ಸಮುದಾಯದತ್ತ ಶಾಲೆ’ ಎಂದು ಹೆತ್ತವರನ್ನು ಕರೆದು ಕೂರಿಸಿ, ಒಂದೊಂದೇ ಹೆಸರು ಕೂಗಿ ಪ್ರಗತಿ ಪತ್ರ ಕೊಡುತ್ತಾರೆ. ರುಜು ಬರುವವರು ರುಜು ಹಾಕುತ್ತಾರೆ. ಬಾರದ ತಾಯಿ ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಸೆರಗಿನ ಒಳಮಗ್ಗುಲಿಗೆ ಒರೆಸಿಕೊಳ್ಳುತ್ತಾಳೆ. ‘ಪಾಸಾಗ್ಯಾನಾ ಸಾರ್?’ ‘ಪಾಸು ಕಣಮ್ಮ.’ ಅಲ್ಲಿಗೆ ಮಾತು ಮುಗಿಯಿತು. ಮಧ್ಯಾಹ್ನದ ಅನ್ನ-ಸಾಂಬಾರು ಬಡಿಸಿ, ಪಾತ್ರೆ ತೊಳೆದು, ಕೋಣೆಗಳಿಗೆ ಬೀಗ ಹಾಕಿದರೆ ಏಪ್ರಿಲ್ 11ರಿಂದ ಮೇ 28ರವರೆಗೆ 48 ದಿನ ರಜೆ. ಈಚಿನ ವರ್ಷಗಳ ಲೆಕ್ಕ ಇದು.

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಜನರೇ, ಆ ಪತ್ರದಲ್ಲಿರುವುದು ಅರ್ಧ ಫಲಿತಾಂಶ. ಉಳಿದರ್ಧ ಗೊತ್ತಾಗುವುದು ಮೇ 29ಕ್ಕೆ, ಬಾಗಿಲು ತೆರೆದು ಹಾಜರಿ ಕೂಗಿದಾಗ. ಯಾವ ಹೆಸರಿಗೆ ‘ಹಾಜರ್ ಸಾರ್’ ಬಂತು, ಯಾವ ಹೆಸರಿಗೆ ಬರಲಿಲ್ಲ? ಆ ಫಲಿತಾಂಶಕ್ಕೆ ಮೇಷ್ಟ್ರೊಬ್ಬರೇ ಹೊಣೆಯಲ್ಲ. ನಡುವಿನ 48 ದಿನ ಮಕ್ಕಳು ಇರುವುದು ನಮ್ಮ ಕೈಯಲ್ಲಿ.

ನಮಗೆ ಅಂಕಿಗಳ ಮೋಹ ಬಹಳ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80 ಪಡೆದು ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಜಿಲ್ಲೆ ಶೇ 72.85ಕ್ಕೆ ಇಳಿದು 21ನೇ ಸ್ಥಾನದಲ್ಲಿ ನಿಂತಿತು. ಕ್ಯಾಮೆರಾ ಒಂದರ ಮೇಲೇ ಎಲ್ಲ ಹೊರಿಸುವುದು ನ್ಯಾಯವಲ್ಲ. ಆ ವರ್ಷ ಇಡೀ ರಾಜ್ಯವೇ ಶೇ 83.89ರಿಂದ ಶೇ 73.40ಕ್ಕೆ ಜಾರಿತ್ತು, ಅದೂ ಕೃಪಾಂಕ ಕೊಟ್ಟ ಮೇಲೆ. ಆದರೂ ಕೇಳಿಕೊಳ್ಳಬೇಕಾದ ಮಾತೊಂದು ಉಳಿಯುತ್ತದೆ: ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಅಷ್ಟು ದಡ್ಡರಾದರೇ, ಇಲ್ಲ ನಾವೇ ಅವರ ಓದನ್ನು ಅದುವರೆಗೆ ಸರಿಯಾಗಿ ನೋಡಿರಲಿಲ್ಲವೇ? ಹತ್ತನೇ ತರಗತಿಯ ಮಾರ್ಚ್ ತಿಂಗಳಲ್ಲಿ ಪಾಸಿಂಗ್ ಪ್ಯಾಕೇಜ್ ಹಿಡಿದು ಓಡಾಡುವ ನಮಗೆ, ಮೂರನೇ ತರಗತಿಯ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುತ್ತದೆಯೇ ಎಂದು ನೋಡಲು ಪುರುಸೊತ್ತಿಲ್ಲ.

ಪಟ್ಟಣದ ಮಗುವಿಗೆ ಬೇಸಿಗೆ ಎಂದರೆ ಈಜು, ಚಿತ್ರಕಲೆ, ಕ್ಯಾಂಪು. ನಮ್ಮದು ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ. ಶೇಂಗಾ ಬಿತ್ತನೆಗೆ ಮುಂಗಾರು ಬರಬೇಕು, ಏಪ್ರಿಲ್-ಮೇಯಲ್ಲಿ ಹೊಲದಲ್ಲಿ ಕೆಲಸವಿಲ್ಲ. ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡಗಳಿಗೆ ಹೊರಟವರ ಜೊತೆ ಮಕ್ಕಳೂ ಹೊರಡುತ್ತಾರೆ. ಉಳಿದವರು ಕುರಿ ಹಿಂದೆ. ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತಲು ಸಣ್ಣ ಕೈ ಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ, ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯ ಕಸುಬಿಗೆ ಮಕ್ಕಳು ನೆರವಾಗಬಹುದು ಎಂದಿತು. ಅಪ್ಪನ ಕಸುಬು ಮಗಳು ಕಲಿಯಬಾರದು ಎಂದು ನಾನೂ ಹೇಳಲಾರೆ. ಮೊಳಕಾಲ್ಮುರು ಸೀರೆ ನೇಯುವ ವಿದ್ಯೆ ಯಾವ ಡಿಗ್ರಿಗೂ ಕಡಿಮೆಯಲ್ಲ. ಆದರೆ ಏಪ್ರಿಲ್‌ನಲ್ಲಿ ‘ರಜೆ ಇದೆಯಲ್ಲಾ’ ಎಂದು ಕೂರಿಸಿದ ಹುಡುಗಿಯನ್ನು ಜೂನ್‌ನಲ್ಲಿ ‘ಕೈ ಕುದುರಿದೆಯಲ್ಲಾ’ ಎಂದು ಅಲ್ಲೇ ಕೂರಿಸುವುದುಂಟು. ನನ್ನ ತಕರಾರು ಅದಕ್ಕೆ.

ಮೊದಲು ಊಟದ ಮಾತು. ಶಾಲೆ ಮುಚ್ಚಿದರೆ ಅಕ್ಷರ ದಾಸೋಹದ ಒಲೆಯೂ ಆರುತ್ತದೆ. ಕೂಲಿಗೆ ಹೋದ ಮನೆಯಲ್ಲಿ ಮಧ್ಯಾಹ್ನ ಬೆಳಗಿನ ಮುದ್ದೆ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಆದೇಶಿಸಿದೆ. 2024ರಲ್ಲಿ ರಾಜ್ಯ ಬರ ಘೋಷಿಸಿದ್ದ 223 ತಾಲ್ಲೂಕುಗಳಲ್ಲಿ ರಜೆಯಲ್ಲೂ ಊಟ ಕೊಡಲು ಸರ್ಕಾರ ಮುಂದಾಯಿತು, ಆ ಪಟ್ಟಿಯಲ್ಲಿ ನಮ್ಮ ಎರಡೂ ತಾಲ್ಲೂಕುಗಳಿದ್ದವು. ಇದು ಭಿಕ್ಷೆಯಲ್ಲ, ಹಕ್ಕು. ಬರ ಘೋಷಣೆಯಾದ ವರ್ಷ ಎಸ್‌ಡಿಎಂಸಿ ಅಧ್ಯಕ್ಷರು ಬಿಇಒ ಕಚೇರಿಗೆ ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮ ಊರಲ್ಲಿ ಒಲೆ ಹಚ್ಚುತ್ತೀರಾ, ಇಲ್ಲವಾ? ಊಟಕ್ಕೆ ಬಂದ ಮಗುವಿನ ಕೈಗೆ ಕಥೆಪುಸ್ತಕವೊಂದನ್ನು ಕೊಡುವುದು ಹೊಸ ಆಲೋಚನೆಯೇನಲ್ಲ. ಹಿಂದಿನ ಬರಗಾಲದಲ್ಲಿ ‘ಬೇಸಿಗೆ ಸಂಭ್ರಮ’ ಎಂದು ಇಲಾಖೆಯೇ ಅದನ್ನು ಮಾಡಿ ತೋರಿಸಿದೆ.

ಓದು ಬಿಟ್ಟರೆ ಮರೆಯುತ್ತದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ ಮೇಲೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ 5 ರಾಜ್ಯಗಳ 16 ಸಾವಿರ ಮಕ್ಕಳನ್ನು ನೋಡಿ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷೆಯ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದಾರೆ ಎಂದು 2021ರಲ್ಲಿ ವರದಿ ಕೊಟ್ಟರು. ಅದು ದೀರ್ಘ ಕಾಲದ ಕಥೆ, ಇದು 48 ದಿನದ್ದು, ನಿಜ. ಆದರೆ ರಾಯದುರ್ಗದ ಗಡಿಗೆ ಅಂಟಿದ ಊರುಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ಮನೆಮಾತು ತೆಲುಗು. ಅಲ್ಲಿನ ಎರಡನೇ ತರಗತಿಯ ಮಗುವಿಗೆ ಕನ್ನಡ ಕಿವಿಗೆ ಬೀಳುವುದೂ ಕಣ್ಣಿಗೆ ಬೀಳುವುದೂ ಶಾಲೆಯಲ್ಲಿ ಮಾತ್ರ. ಒತ್ತಕ್ಷರ ಈಗಷ್ಟೇ ಕೂಡಿಸಲು ಕಲಿತ ಮಗು ಅದು. ಬಾಗಿಲು ಮುಚ್ಚಿದ ಮೇಲೆ ಆ ಅಕ್ಷರಗಳನ್ನು ಯಾರು ತೋರಿಸಬೇಕು?

‘ನಮಗೇ ಓದು ಬರಲ್ಲ, ನಾವೇನು ಕಲಿಸೋದು ಸಾರ್’ ಅನ್ನುತ್ತೀರಿ. ಕಲಿಸಬೇಡಿ, ಕೇಳಿ. ಚಳ್ಳಕೆರೆ ಎಪಿಎಂಸಿಯಿಂದ ತಂದ ಹೋದ ಸುಗ್ಗಿಯ ಶೇಂಗಾ ಚೀಟಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರುತ್ತದಲ್ಲ, ಅದನ್ನು ತೆಗೆದು ಐದನೇ ತರಗತಿಯ ಮಗನ ಕೈಗೆ ಕೊಡಿ. ಎಷ್ಟು ಚೀಲ, ಒಟ್ಟು ತೂಕ ಎಷ್ಟು, ಚೀಲದ ತೂಕವೆಂದು ಎಷ್ಟು ಕಳೆದರು, ಹಮಾಲಿಗೆ ಎಷ್ಟು ಮುರಿದರು, ಕ್ವಿಂಟಲ್ ರೇಟು ಎಷ್ಟು, ಕೈಗೆ ಬರಬೇಕಾದದ್ದೆಷ್ಟು? ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಲಿ. ಕೂಡುವುದು, ಕಳೆಯುವುದು, ಗುಣಾಕಾರ, ದಶಮಾಂಶ ಎಲ್ಲ ಆ ಅಂಗೈ ಅಗಲದ ಕಾಗದದಲ್ಲಿದೆ. ಲೆಕ್ಕ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ತಪ್ಪು ಮಗನದೋ ಚೀಟಿಯದೋ ಎಂದು ಮನೆಮಂದಿಯೆಲ್ಲ ಕೂತು ನೋಡುವಂತಾಗುತ್ತದೆ. ಕರೆಂಟ್ ಬಿಲ್ಲು, ಬಸ್ಸಿನ ಬೋರ್ಡು, ಲಗ್ನಪತ್ರಿಕೆ, ಗುಡಿಯ ಗೋಡೆಯಲ್ಲಿ ದಾನ ಕೊಟ್ಟವರ ಪಟ್ಟಿ ಎಲ್ಲವನ್ನೂ ಗಟ್ಟಿಯಾಗಿ ಓದಿಸಿ. ದಿನಕ್ಕೆ ಕಾಲು ಗಂಟೆ ಸಾಕು. ಮೊಬೈಲಿನಲ್ಲಿ ರೀಲ್ಸ್ ನೋಡಿದಷ್ಟು ಹೊತ್ತೂ ಬೇಡ.

ಓದು ಬಾರದವರ ನೆಲ ಎಂದು ನಮ್ಮನ್ನು ನಾವೇ ಅಗ್ಗ ಮಾಡಿಕೊಂಡಿದ್ದೇವೆ. ಅಕ್ಷರ ಕಲಿಯದ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದದ್ದು ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯ ನಮ್ಮ ತಳುಕಿನವರು. ಬೆಳಗೆರೆ ಕೃಷ್ಣಶಾಸ್ತ್ರಿಗಳು ಜೀವಮಾನವೆಲ್ಲ ಮೇಷ್ಟ್ರಾಗಿ ಬಾಳಿ, ತಮ್ಮ ಊರಿಗೇ ಬಂದು ಶಾಲೆ ಕಟ್ಟಿದರು. ಇನ್ನು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಶೋಕ ಬರೆಸಿದ್ದೇನು? ತಾಯ್ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಅಲ್ಲಿ ಬಿಟ್ಟು ಹೋಗಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನು ಪತ್ತೆಹಚ್ಚಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯನ್ನು ಅಗೆದರು. ಪಕ್ಕದೂರಿನ ಏಳನೇ ತರಗತಿಯ ಮಗು ನೋಡಿದೆಯೇ? ಒಂದು ಬೆಳಗ್ಗೆ ಬಿಸಿಲೇರುವ ಮುಂಚೆ ಬುತ್ತಿ ಕಟ್ಟಿಕೊಂಡು ಕರೆದೊಯ್ಯಿರಿ. ಮಧ್ಯಾಹ್ನ ಅಜ್ಜಿಯ ಹತ್ತಿರ ಕೂತು ಒಂದು ಪದ ಬರೆದುಕೊಳ್ಳಲಿ. ತೆಲುಗಿನ ಪದವಾದರೆ ಕನ್ನಡ ಅಕ್ಷರದಲ್ಲೇ ಬರೆಯಲಿ, ಏನೂ ಕೆಡುವುದಿಲ್ಲ.

ಪುಸ್ತಕ ಎಲ್ಲಿಂದ ಬರಬೇಕು? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ, ಮಕ್ಕಳ ಪುಸ್ತಕ ಕಪಾಟಿನೊಳಗೆ ಬೀಗದಲ್ಲಿದೆಯೋ ಹೊರಗಿದೆಯೋ, ಹೋಗಿ ನೋಡಿ. ಸಾಲದಿದ್ದರೆ ಕೊಡುವ ಕೈ ನಮ್ಮಲ್ಲಿ ಕಡಿಮೆಯೇ? ಪ್ರತಿ ವರ್ಷ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮುಕ್ತಿ ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುತ್ತದೆ. ಕೂಗಿದವರ ಭಕ್ತಿಯನ್ನು ನಾನು ಅಳೆಯುವುದಿಲ್ಲ. ಆದರೆ ಆ ಸ್ವಾಮಿ ಜನರ ಕೈಯಲ್ಲಿ ಕೆರೆ ಕಟ್ಟಿಸಿ, ಮಾಡಿದಷ್ಟಕ್ಕೆ ನೀಡಿದವರು ಎಂದು ನಾವೇ ಹೇಳಿಕೊಳ್ಳುತ್ತೇವಲ್ಲ. ಬಾವುಟದ ಹರಾಜಿನಲ್ಲಿ ಸೋತವರು ತಾವು ಕೂಗಿದ ದುಡ್ಡಿನ ನೂರನೇ ಒಂದು ಪಾಲನ್ನು ತಮ್ಮೂರಿನ ಮಕ್ಕಳ ಪುಸ್ತಕಕ್ಕೆ ಕೊಟ್ಟರೂ ಕಪಾಟು ತುಂಬುತ್ತದೆ. ಶೇಂಗಾ ಎಣ್ಣೆಯಿಂದ ಚಳ್ಳಕೆರೆಗೆ ‘ಎರಡನೇ ಮುಂಬೈ’ ಎಂಬ ಹೆಸರು ತಂದ ಗಿರಣಿ ಮಾಲೀಕರೇ, ಈ ಮಾತು ನಿಮಗೂ ಸೇರಿದ್ದು.

ಕುದಾಪುರ, ಉಳ್ಳಾರ್ತಿಯ ವಿಜ್ಞಾನಿಗಳಿಗೂ ಒಂದು ಮಾತು. ದನ-ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ನಿಮ್ಮ ಬೇಲಿಯೊಳಗಿದೆ. ಚಂದ್ರಯಾನ-2ರ ಲ್ಯಾಂಡರ್ ಪರೀಕ್ಷೆಗೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನೇ ತೋಡಿದಿರಿ. ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಕ್ಯಾಂಪಸ್ಸಿನಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಅದು ದೊಡ್ಡ ಕೆಲಸ, ಕೃತಜ್ಞರಾಗಿದ್ದೇವೆ. ಆದರೆ ಬೇಲಿಯಾಚೆ ಕುರಿ ಕಾಯುವ ಹುಡುಗನಿಗೆ ಒಳಗೆ ಏನಿದೆ ಎಂದು ಗೊತ್ತಿಲ್ಲ. ಮೇ ತಿಂಗಳಲ್ಲಿ ಒಂದು ವಾರ, ತೋರಿಸಬಹುದಾದಷ್ಟನ್ನು ಸುತ್ತಲಿನ ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲಿ ತೋರಿಸಿ.

ಇಷ್ಟು ಹೇಳಿದ ಮೇಲೂ ನನ್ನ ಹೊಟ್ಟೆಯೊಳಗಿನ ಸಂಕಟ ಬೇರೆಯೇ. ಈ ಬೇಸಿಗೆ ಹೆಣ್ಣುಮಕ್ಕಳನ್ನು ನುಂಗುತ್ತದೆ. ಬಸವ ಜಯಂತಿ, ಅಕ್ಷಯ ತೃತೀಯ ಎಂದು ಮುಹೂರ್ತಗಳು ಸಾಲುಗಟ್ಟುವ ಕಾಲ. ಸಾಮೂಹಿಕ ವಿವಾಹದಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆಂದು, ಕೇಳದ ಕಡೆ, ಗುಡಿಯಲ್ಲೋ ನೆಂಟರ ಊರಿನಲ್ಲೋ, ರಾತ್ರೋರಾತ್ರಿ ತಾಳಿ ಕಟ್ಟಿಸುವವರಿದ್ದಾರೆ. 18 ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೆ 2006ರ ಕಾಯ್ದೆಯಡಿ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಕಾಯ್ದೆ ಗೊತ್ತಿಲ್ಲದೆ ಇದು ನಡೆಯುತ್ತಿಲ್ಲ. ಪತ್ರಿಕೆ ಅಚ್ಚು ಹಾಕಿದವನಿಗೆ, ಶಾಮಿಯಾನದವನಿಗೆ, ಅಡುಗೆ ಭಟ್ಟನಿಗೆ, ವಾಲಗದವರಿಗೆ, ಪೂಜಾರಿಗೆ, ಉಂಡು ಬಂದ ನಮಗೆ, ಹುಡುಗಿ ಇನ್ನೂ ಒಂಬತ್ತನೇ ಕ್ಲಾಸು ಎಂದು ಎಲ್ಲರಿಗೂ ಗೊತ್ತಿರುತ್ತದೆ. 1098ಕ್ಕೆ ಒಂದು ಫೋನು ಸಾಕು. ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡುತ್ತಾರೆ. ‘ಅವರ ಮನೆ ವಿಷಯ ನಮಗ್ಯಾಕೆ’ ಎಂದು ಎಲೆಗೆ ಕೂತವರಿಗೂ ಆ ಅನ್ನದಲ್ಲಿ ಪಾಲಿದೆ.

ಏಳನೇ ತರಗತಿ ಮುಗಿಸಿದ ಹುಡುಗಿಯ ವಿಷಯದಲ್ಲಂತೂ ಮೇ 29ರ ಹಾಜರಿಯೂ ಸುಳ್ಳು ಹೇಳುತ್ತದೆ. ಊರಿನ ಶಾಲೆಯಲ್ಲಿ ಟಿ.ಸಿ. ಕೊಟ್ಟು ಅವಳ ಹೆಸರು ತೆಗೆದಿರುತ್ತಾರೆ. ನಾಲ್ಕು ಮೈಲಿ ಆಚೆಯ ಹೈಸ್ಕೂಲಿನಲ್ಲಿ ಹೆಸರು ಇನ್ನೂ ಬರೆದಿರುವುದಿಲ್ಲ. ಎರಡೂ ಕಡೆ ಅವಳು ಗೈರಾಗುವುದಿಲ್ಲ, ಯಾರೂ ಕೇಳುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಉಚಿತ. ಶಾಲೆಯ ಹೊತ್ತಿಗೆ ಹಟ್ಟಿಗೆ ಬಸ್ಸು ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬರದಿದ್ದರೆ ಡಿಪೋಗೆ ಅರ್ಜಿ ಹಿಡಿದು ಹೋಗಬೇಕಾದವರು ನಾವು. ಚುನಾವಣೆ, ಗಣತಿ, ಮೊಟ್ಟೆ, ಹಾಲು, ಆನ್‌ಲೈನ್ ಎಂಟ್ರಿ ಎಂದು ಆಗಲೇ ಬಗ್ಗಿಹೋದ ಮೇಷ್ಟ್ರ ಬೆನ್ನಿಗೆ ಇದನ್ನೂ ಹೇರಬೇಡಿ. ಅವರಿಂದ ಏಳನೇ ತರಗತಿಯ ಪಟ್ಟಿಯೊಂದನ್ನು ಏಪ್ರಿಲ್‌ನಲ್ಲೇ ಬರೆಸಿಕೊಂಡು ಎಸ್‌ಡಿಎಂಸಿಯವರು, ಸ್ತ್ರೀಶಕ್ತಿ ಸಂಘದವರು, ಪಂಚಾಯಿತಿ ಸದಸ್ಯರು ಇಟ್ಟುಕೊಳ್ಳಿ. ಜೂನ್ ಮೊದಲ ವಾರ ಆ ಪಟ್ಟಿ ಹಿಡಿದು ಹೈಸ್ಕೂಲಿಗೆ ಹೋಗಿ, ಹೆಸರಿಗೆ ಹೆಸರು ತಾಳೆ ನೋಡಿ. ತಾಳೆಯಾಗದ ಹೆಸರಿನ ಮನೆಗೆ ಅಂದೇ ಸಂಜೆ ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಮನೆಗೆ ಬೀಗ ಹಾಕಿದ್ದರೆ ಸುಮ್ಮನೆ ವಾಪಸ್ಸು ಬರಬೇಡಿ. ಬೆಂಗಳೂರಿಗೆ ಕರೆದೊಯ್ದ ಮೇಸ್ತ್ರಿಯ ಫೋನ್ ನಂಬರು ಊರಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ.