ಕೋಪೇಶ್ವರನ ಸನ್ನಿಧಿಯಲ್ಲಿ ಮಾಸುತ್ತಿರುವ ಕನ್ನಡ

ಮುಂಬಯಿ, ಪುಣೆಗಳಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಊರಿಗೆ ಹೊರಡುವ ನಮ್ಮ ಕುಟುಂಬಗಳು ಕೊಲ್ಲಾಪುರದ ಮಹಾಲಕ್ಷ್ಮಿಗೆ ಕೈಮುಗಿದು ಮುಂದೆ ಸಾಗುವುದು ವಾಡಿಕೆ. ಅದೇ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ತೀರದ ಖಿದ್ರಾಪುರದ ಕಡೆಗೆ ಗಾಡಿ ತಿರುಗಿಸುವವರು ವಿರಳ. ಕರ್ನಾಟಕದ ಗಡಿಗೆ ಅಂಟಿಕೊಂಡಂತಿರುವ ಆ ಹಳ್ಳಿಯಲ್ಲಿ 12ನೆಯ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ.

ದಕ್ಷಯಜ್ಞದಲ್ಲಿ ಸತಿಯನ್ನು ಕಳೆದುಕೊಂಡು ಕುಪಿತನಾದ ಶಿವನೇ ಕೋಪೇಶ್ವರನೆಂಬುದು ಸ್ಥಳಪುರಾಣ. ಸತಿಯು ನಂದಿಯನ್ನೇರಿ ತವರಿಗೆ ಹೋದಳಾದ್ದರಿಂದ ಇಲ್ಲಿ ನಂದಿಯಿಲ್ಲ. ಆತ ಇರುವುದು ಕರ್ನಾಟಕದ ಯಡೂರಿನಲ್ಲಿ ಎನ್ನುತ್ತಾರೆ. ದೇವರು ಒಂದು ರಾಜ್ಯದಲ್ಲಿ, ವಾಹನ ಇನ್ನೊಂದರಲ್ಲಿ! ಮುಂಭಾಗದ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವೆ ಛಾವಣಿಯಿಲ್ಲದೆ ವೃತ್ತಾಕಾರವಾಗಿ ಆಕಾಶಕ್ಕೆ ತೆರೆದಿದೆ. ಅಧಿಷ್ಠಾನದ ಸುತ್ತ ಆನೆಗಳ ಸಾಲು ಇಡೀ ಗುಡಿಯನ್ನು ಹೊತ್ತು ನಿಂತಂತಿದೆ. ಹಲವು ಆನೆಗಳ ಸೊಂಡಿಲುಗಳು ಮುರಿದಿವೆ.

ಆದರೆ ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ದೇವಾಲಯದ ಒಳಹೊರಗೆ ಸುಮಾರು ಒಂದು ಡಜನ್ ಶಾಸನಗಳಿದ್ದು, ಒಂದನ್ನುಳಿದು ಎಲ್ಲವೂ ಕನ್ನಡದವು. ಆ ಒಂದು, ಯಾದವ ಸಿಂಘಣನ ಸಂಸ್ಕೃತ ಶಾಸನ, ದಕ್ಷಿಣ ದ್ವಾರದ ಹೊರಗೋಡೆಯಲ್ಲಿದೆ. ಇವುಗಳಲ್ಲಿ ಸುಸ್ಥಿತಿಯಲ್ಲಿರುವವು ಒಂದೆರಡು ಮಾತ್ರ. ಕಾರ್ತಿಕ ಹುಣ್ಣಿಮೆಯ ಚಂದ್ರ ಮಂಟಪದ ತೆರಪಿನ ನೇರಕ್ಕೆ ಬರುವುದನ್ನು ನೋಡಲು ಜನಸಂದಣಿ ಸೇರುತ್ತದೆ. ಅಕ್ಷರಗಳತ್ತ ಕಣ್ಣು ಹಾಯಿಸುವವರು ಎಷ್ಟು ಮಂದಿ?

ಇದು ಒಂದು ಗುಡಿಯ ಕಥೆಯಷ್ಟೇ ಅಲ್ಲ. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ 92 ಕಾಣೆಯಾಗಿವೆಯೆಂದು 2013ರಲ್ಲಿ ಮಹಾಲೇಖಪಾಲರ ವರದಿ ಹೇಳಿತು. 2022ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಬಂದ ಲೆಕ್ಕ ಇನ್ನೂ ಚಿಂತಾಜನಕ: 3,693 ಸ್ಮಾರಕಗಳಿಗೆ 7,000 ಕಾವಲುಗಾರರು ಬೇಕಿದ್ದಲ್ಲಿ, ಹಣದ ಕೊರತೆಯಿಂದ 248 ಕಡೆ 2,578 ಮಂದಿಯನ್ನಷ್ಟೇ ನೇಮಿಸಲಾಗಿತ್ತು. ತಾಜಮಹಲಿಗೆ ಕಾವಲಿರುತ್ತದೆ, ಕಬ್ಬಿನ ಗದ್ದೆಗಳ ನಡುವಿನ ಗುಡಿಗಳಿಗೆ ಊರವರ ಭಕ್ತಿಯೇ ಕಾವಲು. ಆ ಭಕ್ತಿ ಗುಡಿಯನ್ನು ಉಳಿಸುತ್ತದೆ, ನಿಜ. ಆದರೆ ಶಾಸನದ ಮೇಲೆ ಸುಣ್ಣವನ್ನೋ ಎಣ್ಣೆಯನ್ನೋ ಬಳಿಯುವುದೂ ಎಷ್ಟೋ ಊರುಗಳಲ್ಲಿ ಅದೇ ಭಕ್ತಿಯೇ. ಸಾಲದ್ದಕ್ಕೆ ಕೃಷ್ಣೆಯ ನೆರೆ: 2005, 2019 ಮತ್ತು 2021ರಲ್ಲಿ ಶಿರೋಳ ತಾಲೂಕು ಜಲಾವೃತವಾಗಿತ್ತು.

ಈ ಕನ್ನಡ ಶಾಸನಗಳನ್ನು ಗಡಿವಾದದ ಸಾಕ್ಷಿಗಳನ್ನಾಗಿ ಎತ್ತಿ ತೋರಿಸುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಅದು ಸಲ್ಲದು. ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಅದರ ಗತಿಯನ್ನು ನ್ಯಾಯಾಲಯ ನೋಡಿಕೊಳ್ಳಲಿ. ಕನ್ನಡ ಮತ್ತು ಸಂಸ್ಕೃತ ಒಂದೇ ಗೋಡೆಗಳನ್ನು ಹಂಚಿಕೊಂಡ ಗುಡಿ ಜಗಳಕ್ಕೆ ಒದಗುವ ಸಾಕ್ಷಿಯಲ್ಲ. ಶಾಸನವನ್ನು ವಾದಕ್ಕೆಳೆದರೆ ಸ್ಥಳೀಯರಿಗೆ ಅದು ಬೇಡದ ಕಲ್ಲಾದೀತು.

ಮಾಡಬಹುದಾದದ್ದು ಸರಳವಾಗಿದೆ. 2023ರ ಕೇಂದ್ರ ಮುಂಗಡಪತ್ರದಲ್ಲಿ, ಹೈದರಾಬಾದಿನ ಡಿಜಿಟಲ್ ಶಾಸನ ಸಂಗ್ರಹಾಲಯದ ಮೂಲಕ ಮೊದಲ ಹಂತದಲ್ಲಿ ಒಂದು ಲಕ್ಷ ಶಾಸನಗಳನ್ನು ದಾಖಲಿಸುವುದಾಗಿ ಘೋಷಿಸಲಾಯಿತು. ಖಿದ್ರಾಪುರದ ಶಾಸನಗಳು ಆ ಪಟ್ಟಿಗೆ ಸೇರಲೆಂದು ಮುಂಬಯಿ, ಪುಣೆ, ಸೊಲ್ಲಾಪುರಗಳ ಕನ್ನಡ ಸಂಘಗಳು ಒಟ್ಟಾಗಿ ಮನವಿ ಸಲ್ಲಿಸಬಹುದು. ಪ್ರತಿ ಶಾಸನದ ಪಾಠ, ಅದರ ಕನ್ನಡ ಮತ್ತು ಮರಾಠಿ ಸಾರಾಂಶವುಳ್ಳ ಫಲಕಕ್ಕೆ ತಗಲುವ ವೆಚ್ಚ, ನಮ್ಮ ಒಂದು ವಾರ್ಷಿಕೋತ್ಸವದ ಊಟದ ಖರ್ಚಿಗಿಂತ ಹೆಚ್ಚಾಗಲಾರದು. ಇಲಾಖೆಯ ಅನುಮತಿಯಿಲ್ಲದೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಮೊದಲ ಪತ್ರ ಹೋಗಬೇಕಾದದ್ದು ಪುರಾತತ್ತ್ವ ಇಲಾಖೆಗೆ.