ತಾಯಿಯೂ ಬದಲಾದಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕ್ರೈಸ್ತ ಮನೆಗಳಲ್ಲಿ ಪ್ರತಿ ವರ್ಷ ಎರಡು ಪರೀಕ್ಷೆಗಳು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಒಂದು ಎಸ್ಸೆಸ್ಸೆಲ್ಸಿ, ಪಿಯುಸಿಗಳದು, ಇನ್ನೊಂದು ತಪಸ್ಸುಕಾಲದ್ದು. ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡ ದಿನದಿಂದ ಈಸ್ಟರ್ ಹಬ್ಬದವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟರೆ, ನಲವತ್ತು ದಿನ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಭಕ್ತಿಯಿಂದ ಹಿಡಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಆ ನಲವತ್ತು ದಿನ ಮಾಂಸ ಬಿಡುವವರುಂಟು, ಸಿಗರೇಟು ಬಿಡುವವರುಂಟು. ಈಗೀಗ ಮೊಬೈಲು ಬಿಡುತ್ತೇನೆಂದು ಹೊರಡುವ ಹುಡುಗ ಹುಡುಗಿಯರೂ ಇದ್ದಾರೆ.

ಮೊದಲ ವಾರ ಉತ್ಸಾಹ ಜೋರಾಗಿರುತ್ತದೆ. ಮೂರನೆಯ ವಾರದ ಹೊತ್ತಿಗೆ ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತು ಶುರುವಾಗುತ್ತದೆ. ಅಲ್ಲಿಗೆ ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ: ‘ನಿನಗೆ ಮನಸ್ಸಿಲ್ಲ, ಅಷ್ಟೆ.’

ಆದರೆ ಮನಸ್ಸಿದ್ದೂ ಬದಲಾಗಲಾರದವರ ಗತಿಯೇನು? ಈ ಪ್ರಶ್ನೆಯನ್ನು ಹಿಡಿದು ತನ್ನನ್ನೇ ಬಗೆದು ನೋಡಿಕೊಂಡವರಲ್ಲಿ ಸಂತ ಅಗಸ್ಟೀನರಷ್ಟು ನಿಷ್ಠುರರು ಕಡಿಮೆ. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಎಂದರೆ ಇಂದಿನ ಅಲ್ಜೀರಿಯದಲ್ಲಿ, ಹುಟ್ಟಿದವರು. ತಂದೆ ಪೆಟ್ರಿಷಿಯಸ್ ಅಷ್ಟೇನೂ ಸ್ಥಿತಿವಂತನಲ್ಲ. ಮಗನನ್ನು ಕಾರ್ಥೇಜಿಗೆ ಓದಲು ಕಳಿಸಲು ಹಣ ಹೊಂದಿಸುವುದರೊಳಗೆ ಒಂದು ವರ್ಷ ದಾಟಿತು. ಹದಿನಾರರ ಹುಡುಗ ಆ ವರ್ಷವೆಲ್ಲ ಮನೆಯಲ್ಲಿ ಖಾಲಿ ಕೂತ. ಗೆಳೆಯರ ಜೊತೆ ರಾತ್ರಿ ಹೋಗಿ ಪಕ್ಕದ ತೋಟದ ಪೇರು ಹಣ್ಣು ಕದ್ದದ್ದು ಆಗಲೇ. ಹಸಿವಿಗಾಗಿ ಅಲ್ಲ, ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಇನ್ನೂ ಚಿಕ್ಕವನಿದ್ದಾಗ ಶಾಲೆಯಲ್ಲಿ ಏಟು ಬೀಳದಿರಲೆಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದುದನ್ನೂ, ಆ ಏಟುಗಳನ್ನು ಕಂಡು ದೊಡ್ಡವರು ನಗುತ್ತಿದ್ದುದನ್ನೂ ಅವರು ಬರೆದಿಟ್ಟಿದ್ದಾರೆ. ‘ಕನ್ಫೆಷನ್ಸ್’ ಎಂಬ ಆ ಪುಸ್ತಕ ಬರೆಯುವಾಗ ಅವರು ಬಿಷಪ್ಪರಾಗಿದ್ದರು. ಆದರೂ ಆ ನಗು ಮರೆತಿರಲಿಲ್ಲ.

ತಾಯಿ ಮೋನಿಕಾ ದೈವಭಕ್ತೆ. ಹತ್ತೊಂಬತ್ತರ ಮಗ ಮಾನಿ ಎಂಬಾತನ ಪಂಥ ಸೇರಿದಾಗ ಆಕೆ ಕಣ್ಣೀರಿನಲ್ಲಿ ಮುಳುಗಿದಳು. ಒಬ್ಬ ಬಿಷಪ್ಪರಲ್ಲಿಗೆ ಹೋಗಿ, ಮಗನಿಗೆ ನಾಲ್ಕು ಮಾತು ಹೇಳಿ ಎಂದು ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಅವರೂ ಅದೇ ಪಂಥದಲ್ಲಿದ್ದು, ಅದರ ಗ್ರಂಥಗಳನ್ನು ಓದಿ, ನಕಲು ಮಾಡಿ, ಯಾರೂ ವಾದಿಸದೆಯೇ ಹೊರಬಂದವರು. ಹುಡುಗ ಈಗ ವಾದದ ಹುಮ್ಮಸ್ಸಿನಲ್ಲಿದ್ದಾನೆ, ಹೇಳಿದರೆ ಕೇಳುವ ಹೊತ್ತಲ್ಲ, ಓದುತ್ತ ಓದುತ್ತ ತಾನೇ ಕಂಡುಕೊಳ್ಳುತ್ತಾನೆ, ನೀನು ಪ್ರಾರ್ಥಿಸು ಎಂಬುದು ಅವರ ಅಭಿಪ್ರಾಯ. ತಾಯಿ ಬಿಡದೆ ಅತ್ತು ಒತ್ತಾಯಿಸಿದಾಗ ಅವರಿಗೆ ಸ್ವಲ್ಪ ಬೇಸರವೂ ಆಯಿತಂತೆ. ಮಗ ಜ್ಞಾನಸ್ನಾನ ಪಡೆದದ್ದು 387ರಲ್ಲಿ, ಹದಿನಾಲ್ಕು ವರ್ಷಗಳ ಬಳಿಕ. ಕಾಯುವುದು ಎಂದರೇನೆಂದು ಹಿರಿಯೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿಯಲು 2022ನೇ ಇಸವಿಯೇ ಬರಬೇಕಾಯಿತು.

ಮೋನಿಕಾ ಎಂದರೆ ಮಗನಿಗಾಗಿ ಅತ್ತ ತಾಯಿ ಎಂದಷ್ಟೇ ಪ್ರವಚನಗಳಲ್ಲಿ ಕೇಳುವುದು ರೂಢಿ. ಮಗ ಬರೆದಿರುವುದು ಅದಕ್ಕಿಂತ ಹೆಚ್ಚು.

ಬಾಲ್ಯದಲ್ಲಿ ಆಕೆಯ ಮನೆಯಲ್ಲಿ ಒಬ್ಬ ಹಳೆಯ ಸೇವಕಿಯಿದ್ದಳು, ಬಹಳ ಕಟ್ಟುನಿಟ್ಟು. ಊಟದ ಹೊತ್ತು ಬಿಟ್ಟರೆ ಹೆಣ್ಣುಮಕ್ಕಳು ನೀರನ್ನೂ ಕುಡಿಯಕೂಡದು. ಈಗಲೇ ಹಿಡಿತ ಕಲಿಯದಿದ್ದರೆ ಮುಂದೆ ಮದ್ಯದ ಚಟ ಹತ್ತುತ್ತದೆ ಎಂಬ ಭಯ ಆಕೆಗೆ. ಅಷ್ಟಾದರೂ ಪಿಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸಿದಾಗ ಹುಡುಗಿ ಮೋನಿಕಾ ಒಂದು ಚೂರು ತುಟಿಗೆ ತಾಗಿಸಿದಳು. ಅದರ ರುಚಿಗಲ್ಲ, ಬರಿಯ ಹುಡುಗಾಟಕ್ಕೆ. ದಿನಕ್ಕೆ ಒಂದಿಷ್ಟು ಎಂದು ಸೇರುತ್ತ ಹೋಗಿ ಕೊನೆಗೆ ಬಟ್ಟಲು ತುಂಬ ಕುಡಿಯುವ ಚಟವಾಯಿತು. ಜೊತೆಗೆ ಹೋಗುತ್ತಿದ್ದ ದಾಸಿ ಒಂದು ದಿನ ಜಗಳದಲ್ಲಿ, ಸಿಟ್ಟಿನ ಭರದಲ್ಲಿ, ಕುಡುಕಿ ಎಂದು ಹಂಗಿಸಿದಳು. ಆ ಮಾತು ನೆಟ್ಟಿತು. ಮೋನಿಕಾ ಅಂದೇ ಬಿಟ್ಟಳು. ಆ ದಾಸಿಗೆ ತಿದ್ದುವ ಉದ್ದೇಶವೇನೂ ಇರಲಿಲ್ಲ, ನೋಯಿಸುವುದಷ್ಟೇ ಬೇಕಿತ್ತು ಎಂದು ಅಗಸ್ಟೀನರು ಸೇರಿಸುತ್ತಾರೆ. ನೀರಿಗೂ ಕಾವಲಿಟ್ಟ ಹಿರಿಯಳಿಂದ ಆಗದ್ದು ಹೀಗೆ ಆಯಿತು. ಮಕ್ಕಳ ಕೋಣೆಗೆ ದಿನಕ್ಕೆ ಹತ್ತು ಸಲ ಇಣುಕುವ ತಂದೆತಾಯಿಗಳು ಈ ಭಾಗವನ್ನು ಎರಡು ಸಲ ಓದಬೇಕು.

ಇನ್ನೊಂದು ಪ್ರಸಂಗ ಆಕೆಯ ಇಳಿವಯಸ್ಸಿನದು. ಮಗನಿದ್ದ ಮಿಲಾನಿಗೆ ಆಕೆಯೂ ಬಂದಳು. ಆಫ್ರಿಕದಲ್ಲಿ ರಕ್ತಸಾಕ್ಷಿಗಳ ಸಮಾಧಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ಯುವ ಪದ್ಧತಿಯಿತ್ತು, ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟ ಹಾಗೆ. ಮಿಲಾನಿನಲ್ಲಿ ಬಿಷಪ್ ಆಂಬ್ರೋಸರು ಅದನ್ನು ನಿಲ್ಲಿಸಿದ್ದರು. ಬುಟ್ಟಿ ಹಿಡಿದು ಬಂದ ಮೋನಿಕಾಳನ್ನು ಬಾಗಿಲು ಕಾಯುವವನು ತಡೆದ. ‘ನಮ್ಮ ಊರ ಕಡೆ ಹೀಗೇ’ ಎಂದು ಆಕೆ ಜಗಳ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಹುಕಾಲದ ಪದ್ಧತಿಯನ್ನು ಅಲ್ಲೇ ಬಿಟ್ಟಳು. ಆ ಅನ್ನ ಬಡವರಿಗೆ ಹೋಯಿತು. ತನ್ನ ರೂಢಿಯನ್ನು ಆಕೆ ಅಷ್ಟು ಸುಲಭವಾಗಿ ತಪ್ಪೆಂದು ಒಪ್ಪಿದ್ದು ಮಗನಿಗೆ ಆಶ್ಚರ್ಯ ಹುಟ್ಟಿಸಿತು. ತಾನಿನ್ನೂ ಯಾವುದನ್ನೂ ಬಿಡಲಾರದೆ ತೊಳಲಾಡುತ್ತಿದ್ದ ದಿನಗಳವು.

ಆಕೆಯ ಎಲ್ಲ ನಡೆಗಳೂ ಮೆಚ್ಚುವಂಥವಲ್ಲ. ಮಗನಿಗೆ ಅಂತಸ್ತಿನ ಸಂಬಂಧ ನೋಡುವ ಭರದಲ್ಲಿ, ಅವನೊಡನೆ ಹಲವು ವರ್ಷ ಬಾಳಿ ಮಗುವನ್ನೂ ಹೆತ್ತಿದ್ದ ಹೆಣ್ಣೊಬ್ಬಳು ಆಫ್ರಿಕಕ್ಕೆ ಮರಳಬೇಕಾಯಿತು. ಆಕೆಯ ಹೆಸರನ್ನು ಅಗಸ್ಟೀನರು ಎಲ್ಲಿಯೂ ಬರೆದಿಲ್ಲ. ಸಂತರ ಕಥೆಗಳಲ್ಲಿ ಇಂಥದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಯೋಗವಿಲ್ಲ.

ಇನ್ನು ಮಗನ ಅಡ್ಡಿಯೇನು? ಬೇಕೆಂಬ ಆಸೆಯಿತ್ತು, ಸರಿ ಯಾವುದೆಂಬ ತಿಳಿವಳಿಕೆಯೂ ಬಂದಿತ್ತು. ಆದರೆ ಹಳೆಯ ಚಟ ಬಿಡಲೊಲ್ಲದು. ಅಡ್ಡದಾರಿ ಹಿಡಿದ ಇಚ್ಛೆಯಿಂದ ಚಪಲ, ಚಪಲಕ್ಕೆ ಮಣಿದು ಮಣಿದು ಚಟ, ತಡೆಯದ ಚಟದಿಂದ ಕೊನೆಗೆ ಬಿಟ್ಟರಾಗದೆಂಬ ಸ್ಥಿತಿ. ಕೊಂಡಿಗೆ ಕೊಂಡಿ ಸೇರಿ ಸರಪಳಿಯಾದುದನ್ನು ಅವರು ಹೀಗೆ ಬಿಡಿಸಿ ತೋರಿಸುತ್ತಾರೆ. ಕೊಡುವ ಹೋಲಿಕೆಯಂತೂ ಪರೀಕ್ಷೆಯ ದಿನಗಳ ವಿದ್ಯಾರ್ಥಿಗೆ ಬಹಳ ಪರಿಚಿತ. ನಿದ್ದೆಗಿಂತ ಎಚ್ಚರ ಮೇಲೆಂದು ಒಪ್ಪದವರಿಲ್ಲ, ಆದರೂ ಏಳುವ ಹೊತ್ತಿಗೆ ಮೈ ಭಾರವಾಗಿ ಇನ್ನೊಂದು ಗಳಿಗೆ ಎಂದು ಮಗ್ಗುಲಾಗುತ್ತಾರಲ್ಲ, ತನ್ನ ಸ್ಥಿತಿಯೂ ಹಾಗೆಯೇ ಇತ್ತು ಎನ್ನುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಶ್ಚಾತ್ತಾಪಕ್ಕೆ ಇರುವ ‘ಮೆಟನೋಯಿಯ’ ಎಂಬ ಮಾತಿಗೆ ಮನಸ್ಸು ಬದಲಾಗುವುದು ಎಂಬರ್ಥವಿದೆ. ತಪ್ಪಿಗಾಗಿ ಅಳುವುದರಲ್ಲೇ ಅದು ಮುಗಿಯುವುದಿಲ್ಲ. ಅಗಸ್ಟೀನರೂ ಸಾಕಷ್ಟು ಅತ್ತಿದ್ದರು.

386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಆ ಗಂಟು ಬಿಚ್ಚಿತು. ಪಕ್ಕದ ಮನೆಯಿಂದ, ಓದು ಎನ್ನುವಂಥ ಮಗುವಿನ ದನಿ ಕೇಳಿ ಅವರು ಸಂತ ಪೌಲರ ಪತ್ರ ತೆರೆದ ಪ್ರಸಂಗ ಪ್ರಸಿದ್ಧವಾದುದು. ಗೆಳೆಯ ಅಲಿಪಿಯಸ್ ಅಲ್ಲೇ ಇದ್ದ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಅದಕ್ಕೆ ಸ್ವಲ್ಪ ಮೊದಲು ಮನೆಗೆ ಬಂದ ಪರಿಚಿತನೊಬ್ಬ ಈಜಿಪ್ಟಿನ ಸಂತ ಅಂತೋನಿಯ ಕಥೆ ಹೇಳಿದ್ದ. ಹೀಗೆ ಆ ಬದಲಾವಣೆಯಲ್ಲಿ ಒಬ್ಬ ಗೆಳೆಯನ, ಒಬ್ಬ ಅತಿಥಿಯ, ಅರಿಯದ ಒಂದು ಮಗುವಿನ ಪಾಲೂ ಇದೆ. ಜ್ಞಾನಸ್ನಾನವಾದ ವರ್ಷವೇ ಓಸ್ತಿಯದಲ್ಲಿ ಮೋನಿಕಾ ತೀರಿಕೊಂಡಳು. ಚರ್ಚಿನ ಪಂಚಾಂಗದಲ್ಲಿ ಆಗಸ್ಟ್ 27 ತಾಯಿಯ ದಿನ, 28 ಮಗನದು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ತಿಳಿದವರು ‘ಕನ್ಫೆಷನ್ಸ್’ನ ಹತ್ತನೆಯ ಭಾಗ ಓದಬೇಕು. ತೋಟದ ಘಟನೆಯಾಗಿ ಹತ್ತು ವರ್ಷ ಕಳೆದ ಮೇಲಿನ ಬರವಣಿಗೆ ಅದು. ಊಟದ ರುಚಿ ಇನ್ನೂ ಎಳೆಯುತ್ತದೆ, ಜನ ಹೊಗಳಿದರೆ ಇನ್ನೂ ಹಿತವಾಗುತ್ತದೆ ಎಂದು ಬಿಷಪ್ಪರು ಒಪ್ಪಿಕೊಳ್ಳುತ್ತಾರೆ. ಮನೆಯಲ್ಲಿ ಕೂತಿದ್ದಾಗ ಹಲ್ಲಿಯೊಂದು ನೊಣ ಹಿಡಿಯುವುದು ಕಂಡರೆ ಸಾಕು, ಮನಸ್ಸು ಅದರ ಹಿಂದೆ ಹೊರಟುಬಿಡುತ್ತದೆ. ಅದು ಗಮನಕ್ಕೆ ಬಂದಾಗ ಅವರು ಮತ್ತೆ ಪ್ರಾರ್ಥನೆಯ ಕಡೆ ತಿರುಗುತ್ತಾರೆ.